ಜಡ್ಜ್ ಜಾನ್ಸನ್ನರ ಕೋರ್ಟು

1965ರ ಮಾರ್ಚ್ ತಿಂಗಳ ಎರಡನೇ ವಾರ. ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯ, ಅದರ ರಾಜಧಾನಿ ಮಾಂಟ್ಗೊಮೆರಿ. ಚರ್ಚ್ ಬೀದಿಯ ಫೆಡರಲ್ ಕಟ್ಟಡದ ಕೋರ್ಟ್ ಹಾಲಿನಲ್ಲಿ ಒತ್ತೊತ್ತಾಗಿ ಕೂತವರ ನಡುವೆ ನಿಮಗೂ ಒಂದಿಷ್ಟು ಜಾಗ ಸಿಕ್ಕಿದೆ. ಕರಿಯರು, ಬಿಳಿಯರು ಒಂದೇ ಬೆಂಚಿನಲ್ಲಿ ಕೂತಿದ್ದಾರೆ. ಈ ಊರಿನಲ್ಲಿ ಹಾಗೆ ಕೂರಬಹುದಾದ ಜಾಗಗಳು ಹೆಚ್ಚಿಲ್ಲ.

ದೀಪ ಆರಿಸುತ್ತಾರೆ. ಪ್ರೊಜೆಕ್ಟರ್ ಗರಗರ ಸದ್ದು ಮಾಡುತ್ತದೆ. ಟೆಲಿವಿಷನ್‌ನವರು ತೆಗೆದ ಕೆಲವೇ ನಿಮಿಷಗಳ ಸುದ್ದಿಚಿತ್ರ. ಸೆಲ್ಮಾ ಊರಿನ ಎಡ್ಮಂಡ್ ಪೆಟಸ್ ಸೇತುವೆ, ಮಾರ್ಚ್ 7ರ ಭಾನುವಾರ. ವೋಟಿನ ಹಕ್ಕು ಕೇಳಿ ಇಬ್ಬಿಬ್ಬರಾಗಿ ಸಾಲುಗಟ್ಟಿ ಬರುತ್ತಿರುವ ಸುಮಾರು ಆರುನೂರು ಜನ. ಕೈಯಲ್ಲಿ ಏನೂ ಇಲ್ಲ. ಎದುರಿಗೆ ನೀಲಿ ಹೆಲ್ಮೆಟ್ಟಿನ ರಾಜ್ಯ ಪೊಲೀಸರು, ಅವರ ಪಕ್ಕದಲ್ಲಿ ಕುದುರೆ ಏರಿದ ಶೆರಿಫ್‌ನ ಪಡೆ. ಒಂದು ಕ್ಷಣ ಎರಡೂ ಕಡೆಯವರು ನಿಂತು ನೋಡುತ್ತಾರೆ. ಆಮೇಲೆ ಲಾಠಿ, ಅಶ್ರುವಾಯು, ಗೊರಸು. ಮುಂದಿನ ಸಾಲು ಹಿಂದಿನ ಸಾಲಿನ ಮೇಲೆ ಬೀಳುತ್ತದೆ. ತಿಳಿಬಣ್ಣದ ಕೋಟಿನ ತರುಣನೊಬ್ಬ ನೆಲಕ್ಕೆ ಒರಗುತ್ತಾನೆ. ಅವನು ಜಾನ್ ಲೂಯಿಸ್. ತಲೆಬುರುಡೆ ಬಿರುಕು ಬಿಟ್ಟಿತ್ತು. ಈಗ ಅವನೂ ಇದೇ ಕೋರ್ಟಿನಲ್ಲಿದ್ದಾನೆ, ಸಾಕ್ಷಿ ಹೇಳಲು ಬಂದಿದ್ದಾನೆ.

ದೀಪ ಹತ್ತುತ್ತದೆ. ಪರದೆ ಬಿಟ್ಟು ಎಲ್ಲರ ಕಣ್ಣೂ ಪೀಠದ ಕಡೆಗೆ ತಿರುಗುತ್ತದೆ. ಅಲ್ಲಿ ಕೂತಿರುವ ನಲವತ್ತಾರರ ಮನುಷ್ಯ ಅರ್ಧಕನ್ನಡಕದ ಮೇಲಿಂದ ನೋಡುವ ನೋಟಕ್ಕೆ ಅಲಬಾಮಾದ ವಕೀಲರು ಹೆದರುತ್ತಾರೆ. ಅವರು ಚಿತ್ರದ ಬಗ್ಗೆ ಏನೂ ಹೇಳುವುದಿಲ್ಲ. ತಲೆ ಅಲ್ಲಾಡಿಸಿ, ಕಲಾಪಕ್ಕೆ ವಿರಾಮವೆಂದು ಹೇಳಿ ಒಳಗೆ ಹೋಗುತ್ತಾರೆ. ಇವರೇ ಫ್ರಾಂಕ್ ಮಿನಿಸ್ ಜಾನ್ಸನ್ ಜೂನಿಯರ್, ಅಲಬಾಮಾದ ಮಧ್ಯ ಜಿಲ್ಲೆಯ ಫೆಡರಲ್ ವಿಚಾರಣಾ ನ್ಯಾಯಾಧೀಶರು.

ವಿರಾಮ ಮುಗಿಯುವುದರೊಳಗೆ ಒಂದು ವಿಷಯ. ನಮ್ಮಲ್ಲಿ ತುಮಕೂರಿನ ಜಿಲ್ಲಾ ನ್ಯಾಯಾಧೀಶರ ಮುಂದೆ ಕೇಂದ್ರದ ಕಾಯ್ದೆಯೂ ಬರುತ್ತದೆ, ರಾಜ್ಯದ ಕಾಯ್ದೆಯೂ ಬರುತ್ತದೆ. ಅಮೆರಿಕದಲ್ಲಿ ಹಾಗಲ್ಲ. ರಾಜ್ಯಗಳಿಗೆ ಅವುಗಳದ್ದೇ ಕೋರ್ಟುಗಳು, ಕೇಂದ್ರಕ್ಕೆ ಬೇರೆಯೇ ಒಂದು ಸಾಲು. ಅಲಬಾಮಾದಲ್ಲಿ ರಾಜ್ಯದ ಜಡ್ಜ್ ಆಗಬೇಕಾದರೆ ಚುನಾವಣೆಗೆ ನಿಲ್ಲಬೇಕು, ವೋಟು ಕೇಳಬೇಕು. ಆ ಕಾಲದಲ್ಲಿ ವೋಟು ಇದ್ದದ್ದು ಹೆಚ್ಚುಕಮ್ಮಿ ಬಿಳಿಯರಿಗೆ ಮಾತ್ರ. ಫೆಡರಲ್ ಜಡ್ಜ್‌ನನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಒಮ್ಮೆ ಕೂತರೆ ಜೀವಾವಧಿ. ಗವರ್ನರ್ ಅವರನ್ನು ತೆಗೆಯುವಂತಿಲ್ಲ, ಸಂಬಳ ಕಡಿಯುವಂತಿಲ್ಲ. ಮಾಂಟ್ಗೊಮೆರಿಯ ಬಿಳಿಯರೆಲ್ಲ ಸೇರಿ ಕಾನೂನು ಮೀರದೆ ಮಾಡಬಹುದಾದದ್ದು ಒಂದೇ, ಜಾನ್ಸನ್ನರೊಡನೆ ಮಾತು ಬಿಡುವುದು. ಅದನ್ನು ಅವರು ಮಾಡಿದರು.

ಜಾನ್ಸನ್ ಹುಟ್ಟಿದ್ದು 1918ರ ಅಕ್ಟೋಬರ್ 30ರಂದು, ರಾಜ್ಯದ ಉತ್ತರದ ಗುಡ್ಡಸೀಮೆಯ ಹೇಲಿವಿಲ್‌ನಲ್ಲಿ, ಏಳು ಮಕ್ಕಳಲ್ಲಿ ಹಿರಿಯರಾಗಿ. ಅದು ವಿನ್ಸ್‌ಟನ್ ಕೌಂಟಿ. ಅಂತರ್ಯುದ್ಧದಲ್ಲಿ ಅಲಬಾಮಾ ಒಕ್ಕೂಟ ಬಿಟ್ಟು ಹೊರನಡೆದಾಗ ಈ ಬಡ ಗುಡ್ಡಗಾಡಿನವರು ಒಪ್ಪಿರಲಿಲ್ಲ. ಗುಲಾಮರನ್ನು ಇಟ್ಟುಕೊಳ್ಳುವ ದೊಡ್ಡ ಹತ್ತಿ ತೋಟಗಳು ಅಲ್ಲಿ ಇರಲಿಲ್ಲ, ಬೇರೆಯವರ ತೋಟಕ್ಕಾಗಿ ಸಾಯುವ ಮನಸ್ಸೂ ಇರಲಿಲ್ಲ. ಡೆಮಾಕ್ರಟಿಕ್ ಪಕ್ಷವೇ ಸರ್ವಸ್ವವಾಗಿದ್ದ ರಾಜ್ಯದಲ್ಲಿ ಇವರ ತಂದೆ ರಿಪಬ್ಲಿಕನ್ ಶಾಸಕರು. ಗುಂಪಿಗೆ ಸೇರದೆ ಬದುಕುವುದು ಈ ಮನೆಗೆ ಹೊಸದಲ್ಲ. ಎಲ್ಲರೂ ಇದನ್ನೇ ಜಾನ್ಸನ್ನರ ಧೈರ್ಯಕ್ಕೆ ಕಾರಣವೆಂದು ಬರೆಯುತ್ತಾರೆ. ನನಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಅದೇ ಗುಡ್ಡದಲ್ಲಿ ಹುಟ್ಟಿದ ಎಲ್ಲರೂ ಜಾನ್ಸನ್ ಆಗಲಿಲ್ಲ.

ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದು. ಸಹಪಾಠಿಗಳಲ್ಲಿ ಒಬ್ಬ ಚುರುಕು ಮಾತಿನ, ಬಾಕ್ಸಿಂಗ್ ಆಡುವ ಜಾರ್ಜ್ ವ್ಯಾಲೇಸ್. ಆಮೇಲೆ ಯುದ್ಧ, ನಾರ್ಮಂಡಿಯಲ್ಲಿ ಗಾಯ, ಪದಕ. ಊರಿಗೆ ಬಂದು ಜ್ಯಾಸ್ಪರ್‌ನಲ್ಲಿ ವಕಾಲತ್ತು. 1953ರಲ್ಲಿ ಫೆಡರಲ್ ಸರ್ಕಾರದ ಪ್ರಾಸಿಕ್ಯೂಟರ್ ಆಗಿ, ಕರಿಯ ಕೂಲಿಗಳನ್ನು ಸಾಲದ ಹೆಸರಿನಲ್ಲಿ ಜೀತಕ್ಕಿಟ್ಟಿದ್ದ ಬಿಳಿಯ ಜಮೀನ್ದಾರ ಸಹೋದರರಿಗೆ ಶಿಕ್ಷೆ ಕೊಡಿಸಿದರು. 1955ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಜಾನ್ಸನ್ನರನ್ನು ಮಾಂಟ್ಗೊಮೆರಿಯ ಪೀಠಕ್ಕೆ ನೇಮಿಸಿದರು. ಪೀಠವೇರಿದಾಗ ವಯಸ್ಸು ಮೂವತ್ತೇಳು. ಕೆಲವೇ ವಾರ ಕಳೆದು ಡಿಸೆಂಬರ್ 1ರಂದು ಅದೇ ಊರಿನಲ್ಲಿ ರೋಸಾ ಪಾರ್ಕ್ಸ್ ಎಂಬ ಕರಿಯ ಹೆಂಗಸು ಬಿಳಿಯನಿಗೆ ಬಸ್ಸಿನ ಸೀಟು ಬಿಟ್ಟುಕೊಡಲಿಲ್ಲ.

ಇದೇ ಕಟ್ಟಡಕ್ಕೆ 1956ರ ಮೇ 11ರಂದು ಬನ್ನಿ. ಅದರ ಬೆನ್ನಲ್ಲೇ ಕರಿಯರು ಆರಂಭಿಸಿದ ಬಸ್ ಬಹಿಷ್ಕಾರ ಆರನೇ ತಿಂಗಳಿಗೆ ಕಾಲಿಟ್ಟಿದೆ. ರಾಜ್ಯದ ಕಾಯ್ದೆಯೊಂದನ್ನೇ ಪ್ರಶ್ನಿಸಿದ ದಾವೆಯಾದ್ದರಿಂದ ಪೀಠದಲ್ಲಿ ಮೂವರು: ಮೇಲ್ಮನವಿ ನ್ಯಾಯಾಲಯದ ರಿಚರ್ಡ್ ರೈವ್ಸ್, ಬರ್ಮಿಂಗ್‌ಹ್ಯಾಮ್‌ನ ಸೀಬರ್ನ್ ಲಿನ್, ಕಿರಿಯರಾದ ಜಾನ್ಸನ್. ವಾದಿಗಳ ಪರ ಫ್ರೆಡ್ ಗ್ರೇ, ಆಗಷ್ಟೇ ವೃತ್ತಿಗೆ ಇಳಿದ ಕರಿಯ ತರುಣ. ವಾದಿಗಳು ನಾಲ್ವರು ಹೆಂಗಸರು. ಅವರಲ್ಲಿ ಕ್ಲೋಡೆಟ್ ಕಾಲ್ವಿನ್ ಇನ್ನೂ ಹುಡುಗಿ. ರೋಸಾ ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ ಬಸ್ಸಿನಿಂದ ಎಳೆಸಿಕೊಂಡು ಹೋಗಿ ಜೈಲು ಕಂಡವಳು, ಆಗ ಹದಿನೈದು ವರ್ಷ. ನಗರಸಭೆಯ ವಕೀಲರು ಪಾಟೀ ಸವಾಲಿನಲ್ಲಿ ಮತ್ತೆ ಮತ್ತೆ ಒಂದೇ ಕಡೆ ಎಳೆಯುತ್ತಾರೆ: ನಿಮ್ಮನ್ನು ಎತ್ತಿಕಟ್ಟಿದವರು ಯಾರು, ನಿಮ್ಮ ಮುಂದಾಳು ಯಾರು? ಬಹಿಷ್ಕಾರದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ಬಾಯಿಂದ ಬರಲಿ ಎಂಬ ಆಸೆ. ಹುಡುಗಿ ಕೊಡುವುದಿಲ್ಲ. ನಾವು ನಾವೇ, ಎನ್ನುತ್ತಾಳೆ.

ವಿಚಾರಣೆ ಮುಗಿದು ಮೂವರೂ ಒಳಗೆ ಹೋಗುತ್ತಾರೆ. ಕಿರಿಯರು ಮೊದಲು ಹೇಳುವುದು ಅಲ್ಲಿನ ಪದ್ಧತಿ. ಬಣ್ಣ ನೋಡಿ ಜನರನ್ನು ಬೇರೆ ಕೂರಿಸುವುದು ಸಾರ್ವಜನಿಕವಾದ ಯಾವ ಜಾಗದಲ್ಲೂ ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು ಜಾನ್ಸನ್ ಒಂದೆರಡು ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ. ರೈವ್ಸ್ ಒಪ್ಪುತ್ತಾರೆ, ಲಿನ್ ಒಪ್ಪುವುದಿಲ್ಲ. ಹತ್ತೇ ನಿಮಿಷದ ಚರ್ಚೆ. ಜೂನ್‌ನಲ್ಲಿ ತೀರ್ಪು ಬಂತು, ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಡಿಸೆಂಬರ್ 21ರಂದು ಕರಿಯರು ಮುಂದಿನ ಸೀಟಿನಲ್ಲಿ ಕೂತರು. ಮೆರವಣಿಗೆಗಳ ಚಿತ್ರ ನಮಗೆಲ್ಲ ನೆನಪಿದೆ. ಆದರೆ ಮಾಂಟ್ಗೊಮೆರಿಯ ಬಸ್ಸುಗಳ ನಿಯಮ ಕಾನೂನಿನ ಲೆಕ್ಕದಲ್ಲಿ ಸತ್ತದ್ದು ಈ ನಾಲ್ವರು ಹೆಂಗಸರ ಸಾಕ್ಷ್ಯದಿಂದ, ಈ ಹತ್ತು ನಿಮಿಷದಲ್ಲಿ.

ಜಾನ್ಸನ್ನರ ಅಂಗಳದಲ್ಲಿ ಶಿಲುಬೆ ಸುಟ್ಟರು. ರೈವ್ಸ್ ಅವರ ಮಗನ ಸಮಾಧಿಯ ಮೇಲೆ ಕಸ ಸುರಿದರು. ರಾತ್ರಿ ಫೋನು, ಹೆಸರಿಲ್ಲದ ಕಾಗದ.

ಹಾಗೆಂದು ಈ ಜಡ್ಜ್ ಹೋರಾಟಗಾರರ ಮನುಷ್ಯರೂ ಅಲ್ಲ. ಟಸ್ಕೀಗೀ ಪಟ್ಟಣದ ಕರಿಯ ಮತದಾರರನ್ನು ಹೊರಗಿಡಲು ಶಾಸಕರು ಊರಿನ ಗಡಿಯನ್ನೇ ಇಪ್ಪತ್ತೆಂಟು ಮೂಲೆಯ ವಿಚಿತ್ರ ಆಕಾರಕ್ಕೆ ತಿರುಚಿದಾಗ, ಊರಿನ ಗಡಿ ಹಾಕುವುದು ಶಾಸನಸಭೆಯ ಅಧಿಕಾರ, ನನ್ನ ಕೈಯಲ್ಲಿಲ್ಲ ಎಂದು ದಾವೆಯನ್ನು ವಜಾ ಮಾಡಿದವರು ಇವರೇ. ಆಗಿನ ಪೂರ್ವತೀರ್ಪುಗಳು ಅವರನ್ನು ಕಟ್ಟಿಹಾಕಿದ್ದವು. 1960ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. 1961ರ ಮೇ 20ರಂದು, ಬಸ್ ಪ್ರಯಾಣದ ಬಣ್ಣಭೇದ ಮುರಿಯಲು ಒಟ್ಟಿಗೆ ಹೊರಟಿದ್ದ ಕರಿಯ, ಬಿಳಿಯ ಫ್ರೀಡಂ ರೈಡರ್‌ಗಳನ್ನು ಗ್ರೇಹೌಂಡ್ ಬಸ್ ನಿಲ್ದಾಣದಲ್ಲಿ ಜನರ ಗುಂಪು ಬಡಿಯಿತು. ನಿಲ್ದಾಣ ಈ ಕೋರ್ಟ್ ಕಟ್ಟಡದ ಮಗ್ಗುಲಲ್ಲೇ ಇತ್ತು. ನ್ಯಾಯ ಇಲಾಖೆಯ ಜಾನ್ ಡೋರ್ ಇಲ್ಲಿಂದಲೇ ನೋಡುತ್ತ ವಾಷಿಂಗ್ಟನ್‌ಗೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದರು. ಜಾನ್ಸನ್ ಬಿಳಿಯರ ಹಿಂಸಾಕೂಟ ಕು ಕ್ಲಕ್ಸ್ ಕ್ಲಾನ್ ಮೇಲೆ ತಡೆಯಾಜ್ಞೆ ಹಾಕಿದರು, ಕಾಪಾಡದೆ ಕೂತ ಪೊಲೀಸರ ಮೇಲೂ ಹಾಕಿದರು. ಜೊತೆಗೆ ರೈಡರ್‌ಗಳಿಗೂ ಸ್ವಲ್ಪ ದಿನ ಬಸ್ ಹತ್ತಬೇಡಿ ಎಂದರು. ಎರಡೂ ಕಡೆಯವರಿಗೆ ಸಿಟ್ಟು ಬಂತು.

ವ್ಯಾಲೇಸ್ ಕಥೆ ಇಲ್ಲಿ ಹೇಳಲೇಬೇಕು. 1958ರ ಕೊನೆ. ಆಗ ಅವರು ರಾಜ್ಯದ ಸರ್ಕ್ಯೂಟ್ ಜಡ್ಜ್, ಗವರ್ನರ್ ಚುನಾವಣೆಯಲ್ಲಿ ಆಗಷ್ಟೇ ಸೋತವರು. ಕೇಂದ್ರದ ನಾಗರಿಕ ಹಕ್ಕು ಆಯೋಗ ಮತದಾರರ ದಾಖಲೆ ಕೇಳಿತು. ಕೊಡುವುದಿಲ್ಲ, ಬಂದವರನ್ನು ಜೈಲಿಗೆ ಹಾಕುತ್ತೇನೆ ಎಂದು ವ್ಯಾಲೇಸ್ ಗುಡುಗಿದರು. ಕೊಡಿ, ಇಲ್ಲವಾದರೆ ನ್ಯಾಯಾಂಗ ನಿಂದನೆ ಎಂದು ಜಾನ್ಸನ್ ಆದೇಶ ಬರೆದರು. ಒಂದು ರಾತ್ರಿ ಹಳೆಯ ಸಹಪಾಠಿ ಮನೆ ಬಾಗಿಲು ತಟ್ಟುತ್ತಾರೆ. ಬೇಡಿಕೆ ಏನು ಗೊತ್ತೆ? ಒಂದಿಷ್ಟು ದಿನ, ಚಿಕ್ಕದಾಗಿ, ಜೈಲು ಕೊಟ್ಟರೆ ರಾಜಕೀಯಕ್ಕೆ ಉಪಯೋಗ. ದಾಖಲೆ ಕೊಡದಿದ್ದರೆ ಚಿಕ್ಕದಲ್ಲ, ಆದಷ್ಟೂ ದೊಡ್ಡದನ್ನೇ ಕೊಡುತ್ತೇನೆ ಎಂಬ ಉತ್ತರ ಬರುತ್ತದೆ. ವ್ಯಾಲೇಸ್ ಗ್ರ್ಯಾಂಡ್ ಜ್ಯೂರಿ ಎಂಬ ಸ್ಥಳೀಯ ನಾಗರಿಕರ ತನಿಖಾ ಮಂಡಳಿಗಳ ಕೈಯಿಂದ ದಾಖಲೆಗಳನ್ನು ಗುಟ್ಟಾಗಿ ದಾಟಿಸಿದರು. ಹೊರಗೆ ಮಾತ್ರ ಎದೆ ತಟ್ಟಿಕೊಂಡರು. 1959ರ ಜನವರಿಯಲ್ಲಿ ಜಾನ್ಸನ್ ತಮ್ಮ ಸಹಪಾಠಿಯನ್ನು ನಿಂದನೆಯ ಆರೋಪದಿಂದ ಬಿಟ್ಟರು, ಅದಕ್ಕೆ ಕಾರಣವನ್ನೂ ಬರೆದರು: ಈ ಮನುಷ್ಯ ಬಳಸುದಾರಿಯಲ್ಲಿ ಆದೇಶ ಪಾಲಿಸಿದ್ದಾನೆ. ಹುತಾತ್ಮನಾಗಲು ಹೊರಟವನಿಗೆ ಇದಕ್ಕಿಂತ ಕಠಿಣ ಶಿಕ್ಷೆ ಇನ್ನೊಂದಿಲ್ಲ. ಜಾನ್ಸನ್ ಸುಳ್ಳ ಎಂದು ಊರೂರು ಕೂಗಿ, 1962ರಲ್ಲಿ ವ್ಯಾಲೇಸ್ ಗವರ್ನರ್ ಚುನಾವಣೆ ಗೆದ್ದರು.

ಅದೇ ಗವರ್ನರ್, ಸೆಲ್ಮಾದ ಮೆರವಣಿಗೆಯವರು ಹೂಡಿದ 1965ರ ಈ ದಾವೆಯಲ್ಲಿ ಪ್ರತಿವಾದಿ. ವಿರಾಮ ಮುಗಿದಿದೆ, ಜಡ್ಜ್ ಮತ್ತೆ ಪೀಠಕ್ಕೆ ಬಂದಿದ್ದಾರೆ.

ಕಟಕಟೆಗೆ ಒಬ್ಬೊಬ್ಬರೇ ಬರುತ್ತಾರೆ. ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಮೊದಲು ಅಹಿತವಾದ ಪ್ರಶ್ನೆ. ಮಾರ್ಚ್ 9ರಂದು ಮೆರವಣಿಗೆ ಬೇಡವೆಂದು ನಾನು ತಡೆದಿದ್ದೆ, ಆದರೂ ನೀವು ಸೇತುವೆ ದಾಟಿದಿರಿ, ಯಾಕೆ? ಸೇತುವೆ ದಾಟಿ, ಪ್ರಾರ್ಥನೆ ಮಾಡಿ, ವಾಪಸ್ ತಿರುಗಿದೆವು ಎಂದು ಕಿಂಗ್ ವಿವರಿಸಬೇಕಾಗುತ್ತದೆ. ಹೊರಗೆ ನೊಬೆಲ್ ಪುರಸ್ಕೃತ, ಇಲ್ಲಿ ಒಬ್ಬ ಸಾಕ್ಷಿ. ಆಮೇಲೆ ರಾಜ್ಯ ಪೊಲೀಸ್ ಮುಖ್ಯಸ್ಥ ಆಲ್ ಲಿಂಗೊ ಅವರ ಸರದಿ. ಆದೇಶ ಯಾರದು, ಲಾಠಿ ಎತ್ತಲು ಹೇಳಿದ್ದು ಯಾರು ಎಂದು ವಕೀಲರು ಕೆದಕುತ್ತಾರೆ. ದಾಖಲೆಗಳು ಒಂದೊಂದಾಗಿ ಕಡತ ಸೇರುತ್ತವೆ. ಸೆಲ್ಮಾ ಇರುವ ಡಲ್ಲಾಸ್ ಕೌಂಟಿಯಲ್ಲಿ ವೋಟಿನ ವಯಸ್ಸಾದ ಕರಿಯರು ಹದಿನೈದು ಸಾವಿರದಷ್ಟು. ಪಟ್ಟಿಯಲ್ಲಿರುವವರು ನೂರಕ್ಕೆ ಎರಡು.

ನೋಡಲು ಇದು ನೀರಸ. ಭಾಷಣವಿಲ್ಲ, ಚಪ್ಪಾಳೆಯಿಲ್ಲ. ಆದರೆ ವಿಚಾರಣಾ ನ್ಯಾಯಾಧೀಶನ ನಿಜವಾದ ಬಲ ಇರುವುದು ಇಲ್ಲಿಯೇ. ಸುಪ್ರೀಂ ಕೋರ್ಟಿನ ಒಂಬತ್ತು ಜನ ಸಾಕ್ಷಿಯ ಮುಖ ನೋಡುವುದಿಲ್ಲ. ಯಾರು ನಿಜ ಹೇಳಿದರು, ಯಾರು ತಡವರಿಸಿದರು, ಏನು ನಡೆಯಿತು ಎಂದು ಬರೆದಿಡುವವನು ಕೆಳಗಿನ ಕೋರ್ಟಿನವನು. ಅವನು ಬರೆದ ಸಂಗತಿಗಳನ್ನು ಮೇಲಿನವರು ಸುಲಭವಾಗಿ ಅಲ್ಲಾಡಿಸುವಂತಿಲ್ಲ. ಜಾನ್ಸನ್ನರ ಆದೇಶಗಳಲ್ಲಿ ಹೆಚ್ಚಿನವು ಮೇಲ್ಮನವಿಯಲ್ಲೂ ನಿಂತದ್ದರ ಗುಟ್ಟು ಅವರ ಧೈರ್ಯಕ್ಕಿಂತ ಹೆಚ್ಚಾಗಿ ಈ ಕಡತದ ಕಟ್ಟುನಿಟ್ಟಿನಲ್ಲಿದೆ.

ಜಡ್ಜ್ ವಾದಿಗಳಿಗೆ ಒಂದು ಕೆಲಸ ಹೇಳುತ್ತಾರೆ: ಮೆರವಣಿಗೆ ಹೇಗೆ ನಡೆಸುತ್ತೀರಿ ಎಂದು ಬರೆದು ಕೊಡಿ. ವಾದಿಗಳು ಹೆದ್ದಾರಿ, ದಿನಕ್ಕೆ ನಡೆಯುವ ದೂರ, ಊಟ, ಲಾರಿಯ ಮೇಲೆ ಸಾಗಿಸುವ ಶೌಚಾಲಯ, ಆಂಬುಲೆನ್ಸ್, ಕಸ ಎತ್ತುವ ವ್ಯವಸ್ಥೆ ಎಲ್ಲವನ್ನೂ ಬರೆದು ತರುತ್ತಾರೆ. ಜಾನ್ಸನ್ ಇನ್ನೊಂದನ್ನೂ ವಿಚಾರಿಸಿಕೊಳ್ಳುತ್ತಾರೆ: ನಾನು ಆದೇಶ ಕೊಟ್ಟರೆ ವಾಷಿಂಗ್ಟನ್ ಅದನ್ನು ಜಾರಿಗೆ ತರುತ್ತದೆಯೇ? ಕೋರ್ಟಿನ ಕೈಯಲ್ಲಿ ಸೈನ್ಯವಿಲ್ಲ. ಪಾಲನೆಯಾಗದ ಆದೇಶ ಕೊಡುವುದಕ್ಕಿಂತ ಕೊಡದಿರುವುದು ಮೇಲು ಎಂಬುದು ಅವರ ಲೆಕ್ಕ.

ಮಾರ್ಚ್ 17ರಂದು ತೀರ್ಪು. ಸೆಲ್ಮಾದಿಂದ ಮಾಂಟ್ಗೊಮೆರಿವರೆಗೆ ಹೆದ್ದಾರಿಯಲ್ಲಿ ನಡೆಯಬಹುದು. ಹೆದ್ದಾರಿಯಲ್ಲಿ ದಿನಗಟ್ಟಲೆ ನಡೆಯುವುದು ಮಾಮೂಲಿ ಹಕ್ಕಿನ ಅಂಚಿಗೆ ಬರುತ್ತದೆಂದು ಅವರಿಗೂ ಗೊತ್ತು. ಆದರೆ ಅನ್ಯಾಯ ಎಷ್ಟು ದೊಡ್ಡದೋ ಅದನ್ನು ಪ್ರತಿಭಟಿಸುವ ಹಕ್ಕೂ ಅಷ್ಟೇ ದೊಡ್ಡದಾಗಿರಬೇಕು, ಇಲ್ಲಿ ಅನ್ಯಾಯ ಅಪಾರ ಎಂದು ಬರೆದರು. ನ್ಯಾಯಶಾಸ್ತ್ರದವರು ಈ ಸೂತ್ರವನ್ನು ಇಂದಿಗೂ ಪ್ರಶ್ನಿಸುತ್ತಾರೆ: ನೋವಿನ ತೂಕ ನೋಡಿ ಹಕ್ಕನ್ನು ಅಳೆದು ಕೊಡಬಹುದೇ? ಪ್ರಶ್ನೆ ಸರಿಯಾಗಿಯೇ ಇದೆ. ಅದರ ಪಕ್ಕದಲ್ಲೇ ಜಾನ್ಸನ್ ಹಾಕಿದ ಇನ್ನೊಂದು ಷರತ್ತನ್ನೂ ಓದಬೇಕು. ನಾಲ್ಕು ಪಥದ ರಸ್ತೆಯಲ್ಲಿ ಎಷ್ಟು ಜನ ಬೇಕಾದರೂ ನಡೆಯಲಿ, ಎರಡು ಪಥದ ಭಾಗದಲ್ಲಿ ಮುನ್ನೂರು ಮಾತ್ರ. ಮಾರ್ಚ್ 21ರಂದು ಹೊರಟವರು 25ರಂದು ರಾಜಧಾನಿ ತಲುಪುವಾಗ ಸುಮಾರು ಇಪ್ಪತ್ತೈದು ಸಾವಿರವಾಗಿದ್ದರು. ಆಗಸ್ಟ್‌ನಲ್ಲಿ ಮತದಾನ ಹಕ್ಕು ಕಾಯ್ದೆ ಬಂತು.

ಆ 25ರ ರಾತ್ರಿಯೇ, ಮೆರವಣಿಗೆಯವರನ್ನು ಕಾರಿನಲ್ಲಿ ಸಾಗಿಸುತ್ತಿದ್ದ ವಯೊಲಾ ಲಿಯುಝೊ ಎಂಬ ಡೆಟ್ರಾಯಿಟ್‌ನ ಬಿಳಿಯ ಗೃಹಿಣಿಯನ್ನು ಕ್ಲಾನ್‌ನವರು ಗುಂಡಿಟ್ಟು ಕೊಂದರು. ರಾಜ್ಯದ ಕೋರ್ಟಿನಲ್ಲಿ ಮೊದಲ ಆರೋಪಿ ಬಿಡುಗಡೆಯಾದ. ಕೊಲೆ ರಾಜ್ಯದ ವಿಷಯ, ಫೆಡರಲ್ ಕೋರ್ಟ್ ಅದನ್ನು ಮುಟ್ಟುವಂತಿಲ್ಲ. ಹಾಗಾಗಿ 1870ರ ಹಳೆಯ ಕಾಯ್ದೆಯೊಂದರ ಅಡಿ, ನಾಗರಿಕರ ಹಕ್ಕು ಕಸಿಯುವ ಸಂಚು ಎಂಬ ಆರೋಪದ ಮೇಲೆ ಮೂವರು ಜಾನ್ಸನ್ನರ ಮುಂದೆ ಬಂದರು. ಪ್ರಾಸಿಕ್ಯೂಟರ್ ಅದೇ ಜಾನ್ ಡೋರ್. ಜ್ಯೂರಿಯಲ್ಲಿ ಹನ್ನೆರಡು ಬಿಳಿಯ ಗಂಡಸರು.

ಡಿಸೆಂಬರ್ ಮೊದಲ ವಾರ, ನೀವು ಮತ್ತೆ ಅದೇ ಹಾಲಿನಲ್ಲಿದ್ದೀರಿ. ಜ್ಯೂರಿ ಹೊರಗೆ ಬಂದು, ನಮಗೆ ಒಮ್ಮತ ಸಾಧ್ಯವಿಲ್ಲ ಎನ್ನುತ್ತದೆ. ಎಲ್ಲರಿಗೂ ಗೊತ್ತಿರುವ ಹಾದಿ ಇದು. ಜ್ಯೂರಿ ಒಡೆಯುತ್ತದೆ, ಆರೋಪಿ ಮನೆಗೆ ಹೋಗುತ್ತಾನೆ. ಜಾನ್ಸನ್ ದನಿ ಏರಿಸದೆ ಹೇಳುತ್ತಾರೆ: ಇದಕ್ಕಿಂತ ಒಳ್ಳೆಯ ಹನ್ನೆರಡು ಜನ ಮುಂದೆ ಸಿಗುತ್ತಾರೆಂದು ನಂಬಲು ಕಾರಣವಿಲ್ಲ, ಒಳಗೆ ಹೋಗಿ ಮತ್ತೆ ಯೋಚಿಸಿ. ಅವರು ಹೋಗುತ್ತಾರೆ. ಡಿಸೆಂಬರ್ 3ರಂದು ತಪ್ಪಿತಸ್ಥರು ಎಂದು ಹೇಳಿ ಬರುತ್ತಾರೆ. ಮೂವರಿಗೂ ಹತ್ತು ವರ್ಷ, ಕಾಯ್ದೆಯಲ್ಲಿ ಇದ್ದದ್ದೇ ಅಷ್ಟು. ಅಲಬಾಮಾದಲ್ಲಿ ಹೆಂಗಸರನ್ನು ಜ್ಯೂರಿಯಿಂದ ಹೊರಗಿಡುತ್ತಿದ್ದ ಕಾಯ್ದೆ ಮರುವರ್ಷ ಜಾನ್ಸನ್ ಇದ್ದ ಮೂವರ ಪೀಠದಲ್ಲಿ ಬಿತ್ತು.

1967ರ ಮಾರ್ಚ್‌ನಲ್ಲಿ ಇಡೀ ರಾಜ್ಯದ ಶಾಲೆಗಳಿಗೆ ಒಂದೇ ಆದೇಶ ಹೊರಟಿತು: ಬಣ್ಣ ನೋಡದೆ ಮಕ್ಕಳನ್ನು ಸೇರಿಸಿಕೊಳ್ಳಿ. ಏಪ್ರಿಲ್‌ನಲ್ಲಿ ಜಾನ್ಸನ್ನರ ತಾಯಿಯ ಮನೆಗೆ ಬಾಂಬ್ ಬಿತ್ತು. ತಾಯಿಗೆ ಏನೂ ಆಗಲಿಲ್ಲ. ಫೆಡರಲ್ ಮಾರ್ಷಲ್‌ಗಳ ಕಾವಲು ವರ್ಷಗಟ್ಟಲೆ ನಡೆಯಿತು. ಸಂಜೆ ಮನೆಯಲ್ಲಿ ಜಡ್ಜ್ ಏನು ಮಾಡುತ್ತಾರೆಂದು ಇಣುಕಿದರೆ, ಮರದ ದೊಡ್ಡ ಗಡಿಯಾರಗಳ ಪೆಟ್ಟಿಗೆ ಕೂಡಿಸುತ್ತ ಕೂತಿರುತ್ತಾರೆ.

ನನ್ನ ಮಟ್ಟಿಗೆ ಅವರ ವೃತ್ತಿಯ ಹೆಚ್ಚು ಕಷ್ಟದ ಭಾಗ ಮೆರವಣಿಗೆಗಳದ್ದಲ್ಲ, 1970ರ ನಂತರದ್ದು. ಟಸ್ಕಲೂಸಾದ ಬ್ರೈಸ್ ಆಸ್ಪತ್ರೆ ಅಲಬಾಮಾದ ಸರ್ಕಾರಿ ಮಾನಸಿಕ ಆಸ್ಪತ್ರೆ. ಸಿಗರೇಟು ತೆರಿಗೆ ಇಳಿಯಿತೆಂದು ಸರ್ಕಾರ ಅಲ್ಲಿನ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಿತು. ಕೆಲಸ ಕಳೆದುಕೊಂಡವರ ಪರವಾಗಿ, ರೋಗಿಗಳ ಪರವಾಗಿ ದಾವೆ ಬಂತು. ಒಳಗಿದ್ದವರು ಐದು ಸಾವಿರಕ್ಕೂ ಹೆಚ್ಚು, ವೈದ್ಯರು ಬೆರಳೆಣಿಕೆ. ಚಿಕಿತ್ಸೆಗೆಂದು ಬಲವಂತವಾಗಿ ಕೂಡಿಹಾಕಿದ ಮೇಲೆ ಚಿಕಿತ್ಸೆ ಕೊಡದಿರುವುದು ಸಂವಿಧಾನಕ್ಕೆ ವಿರುದ್ಧ ಎಂದು 1971ರ ಮಾರ್ಚ್‌ನಲ್ಲಿ ಜಾನ್ಸನ್ ಹೇಳಿದರು. ರಾಜ್ಯಕ್ಕೆ ಆರು ತಿಂಗಳು ಕೊಟ್ಟರು. ಏನೂ ಆಗಲಿಲ್ಲ. 1972ರ ಏಪ್ರಿಲ್‌ನಲ್ಲಿ ಅವರೇ ಪೆನ್ನು ಹಿಡಿದರು.

ಆ ಆದೇಶ ಓದಿದರೆ ನ್ಯಾಯಾಧೀಶರು ಬರೆದದ್ದೆಂದು ನಂಬುವುದು ಕಷ್ಟ. ಎಂಟು ರೋಗಿಗಳಿಗೆ ಒಂದು ಶೌಚಾಲಯ. ಹದಿನೈದು ಜನಕ್ಕೆ ಒಂದು ಸ್ನಾನದ ನಲ್ಲಿ. ಒಂದು ಕೋಣೆಯಲ್ಲಿ ಆರಕ್ಕಿಂತ ಹೆಚ್ಚು ಜನ ಬೇಡ. ನಲ್ಲಿಯ ಬಿಸಿನೀರು 110 ಡಿಗ್ರಿ ಫ್ಯಾರನ್‌ಹೀಟ್. ಕೋಣೆಯ ಉಷ್ಣತೆ 68ಕ್ಕಿಂತ ಇಳಿಯಬಾರದು, 83 ದಾಟಬಾರದು. ಜಡ್ಜ್‌ಗೆ ಯಾಕೆ ಬೇಕಿತ್ತು ಈ ಮೇಸ್ತ್ರಿ ಕೆಲಸ ಎಂದು ಅಂದೂ ಕೇಳಿದರು, ಇಂದೂ ಕೇಳುತ್ತಾರೆ. ಚುನಾಯಿತರ ಕೆಲಸವನ್ನು ಚುನಾಯಿತನಲ್ಲದವನು ಮಾಡುವುದು ಒಳ್ಳೆಯ ಲಕ್ಷಣವಲ್ಲ, ನಿಜ. ಆದರೆ ಮಾನಸಿಕ ರೋಗಿಯ ವೋಟು ಯಾವ ಶಾಸಕನಿಗೂ ಬೇಕಿರಲಿಲ್ಲ. ‘ಸೂಕ್ತ ವ್ಯವಸ್ಥೆ ಮಾಡಿ’ ಎಂದು ಮಾತ್ರ ಬರೆದಿದ್ದರೆ ಅಧಿಕಾರಿಗಳು ಸೂಕ್ತ ಎಂಬುದಕ್ಕೆ ತಮಗೆ ಬೇಕಾದ ಅರ್ಥ ಕಟ್ಟುತ್ತಿದ್ದರು. 110 ಡಿಗ್ರಿಗೆ ಇನ್ನೊಂದು ಅರ್ಥವಿಲ್ಲ.

ಜೈಲುಗಳ ಸರದಿ 1976ರ ಜನವರಿಯಲ್ಲಿ. ಶಿಕ್ಷೆಯ ಕೋಣೆ, ಕೈದಿಗಳ ಬಾಯಲ್ಲಿ ನಾಯಿಗೂಡು. ಬೆಳಕಿಲ್ಲ, ನೀರಿಲ್ಲ, ಬಾಗಿಲಿನಷ್ಟು ಜಾಗದಲ್ಲಿ ಹಲವರು. ಮತ್ತೆ ಅಂಥದೇ ಪಟ್ಟಿ, ಒಬ್ಬ ಕೈದಿಗೆ ಇಷ್ಟು ಚದರಡಿ ಎಂದು.

1977ರಲ್ಲಿ ಅಧ್ಯಕ್ಷ ಕಾರ್ಟರ್ ಜಾನ್ಸನ್ನರನ್ನು ಎಫ್‌ಬಿಐ ನಿರ್ದೇಶಕ ಹುದ್ದೆಗೆ ಹೆಸರಿಸಿದರು. ರಕ್ತನಾಳದ ಉಬ್ಬು ಪತ್ತೆಯಾಗಿ, ಶಸ್ತ್ರಚಿಕಿತ್ಸೆಯಾಗಿ, ಹಿಂದೆ ಸರಿದರು. 1979ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಬಡ್ತಿ. ಅಲ್ಲಿ ಮೂವರಲ್ಲಿ ಒಬ್ಬರು, ಮುಂದೆ ಸಾಕ್ಷಿಗಳಿಲ್ಲ, ಕಾಗದ ಮಾತ್ರ. 1992ರಲ್ಲಿ ಚರ್ಚ್ ಬೀದಿಯ ಕಟ್ಟಡಕ್ಕೆ ಅವರ ಹೆಸರಿಟ್ಟರು. 1995ರಲ್ಲಿ ಅಧ್ಯಕ್ಷ ಕ್ಲಿಂಟನ್ ಪದಕ ಕೊಟ್ಟರು. 1999ರ ಜುಲೈ 23ರಂದು ಮಾಂಟ್ಗೊಮೆರಿಯಲ್ಲಿ ತೀರಿಕೊಂಡರು. ಹೂಳಿದ್ದು ಹೇಲಿವಿಲ್‌ನಲ್ಲಿ.

ಅವರು ಬಿಟ್ಟು ಹೋದ ವಿಚಾರಣಾ ಪೀಠಕ್ಕೆ ಕಾರ್ಟರ್ ಮೊದಲು ಹೆಸರಿಸಿದ್ದು ಬಸ್ ದಾವೆಯ ಆ ತರುಣ ವಕೀಲ ಫ್ರೆಡ್ ಗ್ರೇ ಅವರನ್ನು. ವಿರೋಧ ಬಂದು ಹೆಸರು ಹಿಂದೆ ಹೋಯಿತು. 1980ರಲ್ಲಿ ಅಲ್ಲಿ ಕೂತವರು ಮೈರನ್ ಥಾಂಪ್ಸನ್, ಟಸ್ಕೀಗೀಯಲ್ಲಿ ಹುಟ್ಟಿದ ಕರಿಯ. ಬ್ರೈಸ್ ಆಸ್ಪತ್ರೆಯ ಮೊಕದ್ದಮೆ ಅವರ ಮುಂದೆಯೂ ವರ್ಷಗಟ್ಟಲೆ ನಡೆಯಿತು. ರಾಜ್ಯ ಕೊನೆಗೂ ನಿಯಮ ಪಾಲಿಸಿದೆ ಎಂದು ಒಪ್ಪಿ ಅವರು ಕಡತ ಮುಚ್ಚಿದ್ದು 2003ರ ಡಿಸೆಂಬರ್‌ನಲ್ಲಿ, ದಾವೆ ಹೂಡಿದ ಮೂವತ್ತಮೂರು ವರ್ಷಗಳ ಮೇಲೆ.